ಬೇವಾರಸಿ ಮೂಲೆಯ ಪೆಟ್ಟಿಗೆ

"ನನ್ನ ಮಗಳು ಸಾಲಿ ಹೊಸ್ತಿಲಾ ದಾಟಿದರ ತನ್ನ ಕಾಲಿಲೇ ದಾಟತಾಳ. ಹೆಗಲ ಮ್ಯಾಲ ಹೊತಗೊಂಡು ಹೋಗಿ ಕುಂಡ್ರಸೂ ಮಗ ನಾ ಅಲ್ಲ. ಬೀರದೇವರ ಆಣಿ."

ಭರಮಣ್ಣ ಈ ಮಾತು ಆಡಿದ್ದು ನಲವತ್ತೊಂಬತ್ತನೇ ಇಸವಿಯಲ್ಲಿ, ಬೀರದೇವರ ಗುಡಿಕಟ್ಟೆಯ ಮೇಲೆ, ದೇವರ ಅರಿಸಿನದ ಭಂಡಾರ ಮುಷ್ಟಿ ತುಂಬ ಹಿಡಿದುಕೊಂಡು. ಮಗಳು ಸಂಗವ್ವನಿಗೆ ಆಗ ಮೂರು ವರ್ಷ. ಹುಟ್ಟುವಾಗಲೇ ಅವಳ ಬಲಗಾಲಿನ ಪಾದ ಒಳಕ್ಕೆ ತಿರುಗಿತ್ತು. ಕೂಸು ಎದ್ದು ನಿಂತರೆ ಪಾದದ ಮೇಲ್ಭಾಗ ನೆಲಕ್ಕೆ ಹತ್ತುತ್ತಿತ್ತು, ಅಂಗಾಲು ಮೇಲೆ ನೋಡುತ್ತಿತ್ತು. ಅವತ್ತು ಕಟ್ಟೆಯ ಮೇಲೆ ಯಾರೋ, "ಈಕೀನ ಸಾಲಿಗೂ ಹೊತಗೊಂಡ ಹೋಗಬೇಕು, ಗಂಡನ ಮನಿಗೂ ಹೊತಗೊಂಡ ಹೋಗಬೇಕು. ಭರಮಾ ಈಗಿಂದನ ಹೆಗಲು ಗಟ್ಟಿ ಮಾಡ್ಕೋಬೇಕಲಾ," ಎಂದು ನಕ್ಕಿದ್ದರು. ಅದಕ್ಕೇ ಆಣೆ. ಆಣೆ ಮಾಡಿ, ಹಣೆಗೆ ಭಂಡಾರ ಬಡಿದುಕೊಂಡು, ಒಂದು ಚಿಟಿಕೆ ಮಗಳ ಬಾಯಿಗೂ ಹಾಕಿದ. ಕೂಸು ಮುಖ ಕಿವುಚಿ ಉಗುಳಿತು. ಯಾರೂ ನಗಲಿಲ್ಲ. ಭಂಡಾರ ಹಿಡಿದು ಆಡಿದ ಮಾತಿಗೆ ಕುರಿ ಕಾಯುವವರ ಧನಗರ ಓಣಿಯಲ್ಲಿ ಯಾರೂ ನಗುವುದಿಲ್ಲ.

ಭರಮಣ್ಣ ಮೊದಲು ಕುರಿ ಕಾಯ್ದುಕೊಂಡಿದ್ದವನು. ಒಂದು ವರ್ಷ ಕುರಿಗಳಿಗೆ ಬ್ಯಾನಿ ಬಿದ್ದು, ಸತ್ತು ಹಟ್ಟಿ ಬರಿದಾಯಿತು. ಜತ್ತಕ್ಕೆ ಬಂದು ಮೋಟಾರ್ ಕಂಪನಿಯ ಪಾರ್ಸಲ್ ಗುದಾಮಿನಲ್ಲಿ ಮೂಟೆ ಹೊರುವ ಹಮಾಲನಾದ. ಮಿರಜ, ಸಾಂಗಲಿಯಿಂದ ಲಾರಿ ತಂದು ಹಾಕುವ ಪೆಟ್ಟಿಗೆ, ಗಂಟು, ಚೀಲ ಎಲ್ಲ ಆ ಗುದಾಮಿನಲ್ಲೇ ಇಳಿಯಬೇಕು. ಅಲ್ಲಿಂದ ಶೇಗಾಂವ, ಸಂಖ ಅಂತ ತಾಲೂಕಿನ ಹಳ್ಳಿಗಳಿಗೆ ಚಕ್ಕಡಿಯಲ್ಲೋ ತಲೆಯ ಮೇಲೋ ಹೋಗಬೇಕು.

ಆಗ ಮ್ಯಾನೇಜರ್ ಆಗಿದ್ದವರು ಶಂಕರೆಪ್ಪನವರು. ವಯಸ್ಸಾದ ಮನುಷ್ಯ, ವಿಭೂತಿ ಹಚ್ಚಿಕೊಂಡು ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲು ತೆಗೆಯುವವರು. ಮೊದಲ ದಿನ ಕೇಳಿದ್ದರು: "ಓದಾಕ ಬರತೈತೇನೋ ನಿನಗ?"

"ಇಲ್ರಿ ಧಣಿ. ಆದ್ರ ಐದನೂರು ಕುರಿ ಒಳಗ ನನ್ನ ಕುರಿ ಯಾವ ಮೂಲ್ಯಾಗ ಐತಿ ಕೇಳ್ರಿ, ಹೇಳತೀನಿ."

"ಕುರಿ ಹೆಂಗ ಗುರ್ತ ಹಿಡೀತಿ?"

"ಜಾಜು ಹಚ್ಚಿರತೀವಲ್ರಿ. ಒಬ್ಬಬ್ಬರದು ಒಂದೊಂದು ಗುರ್ತ."

ಶಂಕರೆಪ್ಪನವರು ಮರುದಿನ ಒಂದು ಗಡಿಗೆ ತುಂಬ ಕೆಂಪು ಮಣ್ಣಿನ ಜಾಜು ಕಲಸಿ ತರಿಸಿದರು. ಅಂದಿನಿಂದ ಗುದಾಮಿಗೆ ಹೊಸ ಪದ್ಧತಿ ಬಂತು. ಲಾರಿಯಿಂದ ಮಾಲು ಇಳಿಯುತ್ತಲೇ ಶಂಕರೆಪ್ಪನವರು ವಿಳಾಸ ಕೂಗುವರು, ಭರಮಣ್ಣ ಜಾಜಿನಲ್ಲಿ ಬೆರಳದ್ದಿ ಗುರುತು ಹಾಕುವನು. ಶೇಗಾಂವಕ್ಕೆ ಒಂದು ಉದ್ದ ಗೆರೆ, ಸಂಖಕ್ಕೆ ಎರಡು ಚುಕ್ಕೆ, ಜತ್ತದ್ದಕ್ಕೆ ಏನೂ ಇಲ್ಲ, "ಮನಿ ಕುರಿಗಿ ಗುರ್ತ ಯಾತಕ್ರಿ," ಎನ್ನುವನು. ಒಂಬತ್ತಕ್ಕೆ ಬಂದ ಲಾರಿ ಹನ್ನೊಂದಕ್ಕೆ ಖಾಲಿ. ಎಂಥ ಮುದುಕ ಬಂದು ಊರಿನ ಹೆಸರು ಹೇಳಿದರೂ ಭರಮಣ್ಣ ಎರಡು ನಿಮಿಷದಲ್ಲಿ ಅವನ ಗಂಟು ಎಳೆದು ಮುಂದಿಡುತ್ತಿದ್ದ. ಊರಿಗೆಲ್ಲ ಅವನ ಮೇಲೆ ಭರವಸೆ. ಅವನಿಗೂ ಅವನ ಮೇಲೆ ಸ್ವಲ್ಪ ಜಾಸ್ತಿಯೇ ಭರವಸೆ.

ಐವತ್ತೊಂದನೇ ಇಸವಿಯ ದೀಪಾವಳಿ ಮುಗಿದ ಮೇಲೆ ಶಂಕರೆಪ್ಪನವರೇ ಒಂದು ಪತ್ರ ಬರೆದುಕೊಟ್ಟು, "ಮಿರಜದ ದವಾಖಾನ್ಯಾಗ ಇಂಥಾ ಕಾಲು ತಿದ್ದತಾರಂತ, ಒಯ್ಯಿ," ಎಂದರು. ಹೆಂಡತಿ ಯಲ್ಲವ್ವ ಮಗಳನ್ನು ಕಟ್ಟಿಕೊಂಡು ಮೂರೂವರೆ ತಿಂಗಳು ಮಿರಜದಲ್ಲಿ ಕುಳಿತಳು. ವಾರಕ್ಕೊಮ್ಮೆ ಡಾಕ್ಟರು ಕಾಲನ್ನು ಎರಡು ಕೈಯಲ್ಲಿ ಹಿಡಿದು ಒಂದು ನೂಲಿನಷ್ಟು ಹೊರಕ್ಕೆ ತಿರುಗಿಸುವರು, ಸುಣ್ಣದಂಥ ಹಸಿ ಪಟ್ಟಿ ಸುತ್ತುವರು. ಪಟ್ಟಿ ಒಣಗಿ ಕಲ್ಲಾಗುವುದು. ಮುಂದಿನ ವಾರ ಒಡೆದು ಮತ್ತೊಂದು ನೂಲು. ಶಿವರಾತ್ರಿ ಹೊತ್ತಿಗೆ ಭರಮಣ್ಣ ಹೋಗಿ ನೋಡಿದರೆ ಸಂಗವ್ವನ ಅಂಗಾಲು ನೆಲ ಮುಟ್ಟಿತ್ತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟು ತೋರಿಸಿದಳು. ಅಂಗಾಲಿಗೆ ಮಣ್ಣು ಹತ್ತಿತ್ತು. ಆ ಮಣ್ಣನ್ನು ಅವನು ಒರೆಸಗೊಡಲಿಲ್ಲ.

ಡಾಕ್ಟರು ಹೇಳಿದರು: ಕಾಲು ಸೀದಾ ಆಗಿದೆ, ಆದರೆ ಪೂರ್ತಿ ಗೆದ್ದ ಹಾಗಲ್ಲ. ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇದ್ದ ಚರ್ಮದ ಬೂಟು ಮಾಡಿಸುತ್ತಿದ್ದೇವೆ, ಅಳತೆ ತೆಗೆದುಕೊಂಡಾಗಿದೆ. ಅದು ಹಗಲೂ ರಾತ್ರಿ ಕಾಲಲ್ಲಿರಬೇಕು. ಬೂಟಿಲ್ಲದೆ ಬಿಟ್ಟರೆ ಪಾದ ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕೆ ತಿರುಗುತ್ತದೆ. ಇನ್ನು ಹತ್ತು ದಿನ ನಿಲ್ಲಿರಿ, ಕಾಲಿಗೆ ಹಾಕಿಕೊಂಡೇ ಹೋಗುವಿರಿ.

ಆದರೆ ಜತ್ತದಲ್ಲಿ ಶಂಕರೆಪ್ಪನವರು ಕೆಲಸ ಬಿಟ್ಟಿದ್ದರು. ಸಾಂಗಲಿಯಲ್ಲಿದ್ದ ಕಂಪನಿಯ ಸಾವಕಾರರ ಅಳಿಯ ಶ್ರೀಶೈಲಪ್ಪ ಹೊಸ ಮ್ಯಾನೇಜರ್ ಆಗಿ ಬಂದಿದ್ದ. ಸೋಮವಾರ ಬಾಗಿಲಲ್ಲಿ ಕಾಣದ ಹಮಾಲ ಮಂಗಳವಾರ ಬರುವುದು ಬೇಡ ಎಂದು ಹೇಳಿಕಳಿಸಿದ್ದ. ಭರಮಣ್ಣ ಡಾಕ್ಟರ ಮುಂದೆ ಕೈ ಮುಗಿದು ನಕ್ಕ.

"ಪಾರ್ಸಲ್ ಮಾಡ್ರಿ ಸಾಹೇಬ್ರ. ಹದಿನೈದು ದಿನದ ಮಾತು. ನಾ ಪಾರ್ಸಲ್ ಗುದಾಮಿನಾಗ ಇರಾಂವ. ಜತ್ತದಾಗ ಇಳಿಯೂ ಮಾಲೆಲ್ಲಾ ನನ್ನ ಕೈ ಮುಟ್ಟೇ ಮುಂದ ಹೋಗಬೇಕು."

ಅದು ಸುಳ್ಳಾಗಲಿಲ್ಲ. ಆ ಪಾರ್ಸಲ್ಲು ಅವನ ಕೈ ಮುಟ್ಟಿತು.

ಶ್ರೀಶೈಲಪ್ಪ ಸಾಂಗಲಿಯಲ್ಲಿ ಮೆಟ್ರಿಕ್‌ವರೆಗೆ ಓದಿದವನು. ಪಾಸಾಗಿದ್ದನೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗುದಾಮಿಗೆ ಕಾಲಿಟ್ಟವನೇ ಕೆಂಪು ಗೆರೆ ಎಳೆದ ಪೆಟ್ಟಿಗೆಗಳನ್ನು ನೋಡಿ ಮೂಗು ಮುಚ್ಚಿಕೊಂಡ.

"ಇದು ಗುದಾಮೋ ಕುರಿದೊಡ್ಡಿಯೋ? ಯಾರು ಹಚ್ಚ್ಯಾರ ಇದನ್ನ?"

"ನಾನ್ರಿ," ಎಂದ ಭರಮಣ್ಣ, ಹೆಮ್ಮೆಯಿಂದಲೇ.

"ಇನ್ನೊಂದು ಪೆಟ್ಟಿಗಿಗಿ ಬಳದೆಂದ್ರ ಅದ ಜಾಜು ನಿನ್ನ ಮಾರಿಗಿ ಬಳಸ್ತೀನಿ. ಇನ್ನ ಮ್ಯಾಲ ನಂಬರು. ಬಂದ ಮಾಲಿಗೆ ನಂಬರು, ನಂಬರಿಗೊಂದು ಚೀಟಿ, ಚೀಟಿ ಇದ್ದಾವಗ ಮಾಲು. ತಿಳೀತೇನು?"

ಗಡಿಗೆ ಹೊರಗೆ ಬಿತ್ತು, ಒಡೆಯಿತು. ಬಾಗಿಲ ಮುಂದಿನ ನೆಲ ಎಂಟು ದಿನ ಕೆಂಪಗಿತ್ತು.

ನಂಬರಿನ ರಾಜ್ಯ ಹೇಗಿತ್ತೆಂದರೆ, ಮೊದಲಿಗೆ ಬಾಗಿಲೇ ತೆರೆಯುತ್ತಿರಲಿಲ್ಲ. ಕೀಲಿಕೈ ಶ್ರೀಶೈಲಪ್ಪನ ಉಡಿದಾರದಲ್ಲಿ, ಶ್ರೀಶೈಲಪ್ಪ ಹಾಸಿಗೆಯಲ್ಲಿ. ಒಂಬತ್ತಕ್ಕೆ ಬಂದ ಲಾರಿಯವನು ಹನ್ನೊಂದರ ತನಕ ಕಾದು, ಬಯ್ದು, ಮಾಲೆಲ್ಲ ರಸ್ತೆಯ ಮೇಲೆ ಚೆಲ್ಲಿ ಹೋಗುವನು. ಪೆಟ್ಟಿಗೆಯ ಸಂದಿಯಿಂದ ಹುಲ್ಲು ಎಳೆದು ಆಡು ತಿನ್ನುವವು. ಒಳಗೆ ಬಂದ ಮೇಲೆ ಊರ ಪ್ರಕಾರ ಇಡುವ ಹಾಗಿಲ್ಲ, ನಂಬರಿನ ಪ್ರಕಾರ ಇಡಬೇಕು. ಶೇಗಾಂವದ ಒಂದು ಗಂಟು ಬೇಕೆಂದರೆ ನಲವತ್ತು ಗಂಟು ಇಳಿಸಿ ಮತ್ತೆ ನಲವತ್ತು ಏರಿಸಬೇಕು. ಚೀಟಿ ಅಂಟಿಸಲು ಮೈದಾ ಹಿಟ್ಟಿನ ಅಂಟು. ಹಿಟ್ಟಿನ ರುಚಿಗೆ ಇಲಿಗಳು ಬಂದವು, ಇಲಿಗಳ ಹಿಂದೆ ಹೆಗ್ಗಣಗಳು ಬಂದವು. ರಾತ್ರಿ ಅಂಟಿಸಿದ ಚೀಟಿ ಬೆಳಿಗ್ಗೆ ಇರುತ್ತಿರಲಿಲ್ಲ.

"ಸಾಹೇಬ್ರ, ಚೀಟಿ ಇಲಿ ತಿಂದಾವ್ರಿ."

"ಹಂಗಾದ್ರ ಅದು ಬೇವಾರಸಿ ಮಾಲು, ಯಾರದೂ ಅಲ್ಲ. ಹಿಂದಿನ ಮೂಲ್ಯಾಗ ಹಾಕು. ಸಾಂಗಲಿಯಿಂದ ಸಾವಕಾರ್ರ ಕಾಗದ ಬರೂ ತನಕಾ ಯಾರೂ ಬಿಚ್ಚಬಾರದು."

ಕಾಗದ ಬರಲಿಲ್ಲ, ಯಾಕೆಂದರೆ ಶ್ರೀಶೈಲಪ್ಪ ಕೇಳಿ ಬರೆಯಲೇ ಇಲ್ಲ. ಅಷ್ಟು ಬೇವಾರಸಿ ಮಾಲು ಬಿದ್ದಿದೆ ಎಂದು ಮಾವನಿಗೆ ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ. ತಮ್ಮಣ್ಣ ಎನ್ನುವ ಹಮಾಲ ಒಂದು ಗಂಟಿನ ಹಗ್ಗ ಸಡಿಲಿಸಿ ಯಾರದೆಂದು ಇಣುಕಿದ್ದಕ್ಕೆ ಕಳವಿನ ಆರೋಪ ಹೊತ್ತು ಮೂರು ದಿನ ಪೊಲೀಸ್ ಚೌಕಿಯಲ್ಲಿ ಕುಳಿತು ಬಂದ. ಬರುವಾಗ ಅವನ ಎರಡು ಹಲ್ಲು ಇರಲಿಲ್ಲ. ಅಂದಿನಿಂದ ಹಿಂದಿನ ಮೂಲೆಯ ಹಗ್ಗ ಯಾರೂ ಮುಟ್ಟಲಿಲ್ಲ.

ಹದಿನೈದು ದಿನ ಹೋದವು. ತಿಂಗಳಾಯಿತು. ಭರಮಣ್ಣ ಪ್ರತಿ ಲಾರಿಗೂ ಹತ್ತಿ ಕೇಳಿದ. ಸಾಲಿ ಮಾಸ್ತರರ ಕೈಯಿಂದ ಮಿರಜಕ್ಕೆ ಪತ್ರ ಬರೆಸಿದ. ಉತ್ತರ ಬಂತು: ಬೂಟು ಹೋಳಿ ಹುಣ್ಣಿಮೆಗೆ ಮೊದಲೇ ಕಳಿಸಿದೆ, ಮುಟ್ಟದಿದ್ದರೆ ತಡ ಮಾಡದೆ ಮಗುವನ್ನು ಕರೆದುಕೊಂಡು ಬರ್ರಿ. ಪತ್ರ ಹಿಡಿದು ಶ್ರೀಶೈಲಪ್ಪನ ಮುಂದೆ ನಿಂತ. ಶ್ರೀಶೈಲಪ್ಪ ಎಲೆ ಅಗಿಯುತ್ತ ಲೆಕ್ಕದ ವಹಿ ತಿರುವಿ, ಬೆರಳಿಟ್ಟು ಓದಿದ.

"ಐತಿ ನೋಡು. ಭರಮಣ್ಣ, ಧನಗರ ಓಣಿ, ಜತ್ತ. ನಂಬರ್ ಎರಡನೂರಾ ಹದಿನಾಲ್ಕು. ಹೋಳಿ ಮರದಿನ ಬಂದೈತಿ."

ಭರಮಣ್ಣ ವಹಿಯ ಮೇಲೆ ಬಗ್ಗಿದ. "ಎಲ್ಲೈತ್ರಿ?"

"ಬಂದದ್ದು ಬರಿಯೂದು ನನ್ನ ಕೆಲಸ. ಎಲ್ಲೈತಿ ಅಂತ ನನ್ನ ಯಾಕ ಕೇಳತಿ? ಹೊತ್ತಾಂವ ನೀನು, ಇಟ್ಟಾಂವ ನೀನು."

ಜತೆಗಾರ ಹಮಾಲ ಲಗಮಣ್ಣ ಚೀಲದ ಮೇಲೆ ಕುಳಿತಲ್ಲಿಂದಲೇ, "ಐದನೂರು ಕುರಿ ಒಳಗ ತನ್ನ ಕುರಿ ಕತ್ತಲಾಗ ಹುಡಕತಿದ್ನಂತ," ಎಂದು ಹೇಳಿ ಬೀಡಿ ಹಚ್ಚಿದ.

ಅಂದಿನಿಂದ ಭರಮಣ್ಣ ಹುಡುಕತೊಡಗಿದ. ಸಂಗವ್ವನ ಪಾದ ಅವನ ಗೇಣಿಗಿಂತ ಗಿಡ್ಡ. ಗೇಣುದ್ದದ ಕೂಸಿನ ಬೂಟು ಎಂದರೆ ಅರಿವೆಯಲ್ಲಿ ಹೊಲಿದ ಸಣ್ಣ ಗಂಟು, ಎರಡು ಸೇರು ತೂಗಬಹುದು ಎಂದು ಅವನ ಎಣಿಕೆ. ಬಿಚ್ಚುವ ಹಾಗಿಲ್ಲ, ಅದಕ್ಕೆ ಸಣ್ಣ ಗಂಟುಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದ, ಅಲುಗಾಡಿಸಿ ಕಿವಿಗೆ ಹಿಡಿದ, ಚರ್ಮದ ವಾಸನೆಗೆ ಮೂಸಿದ. ನೂರಾರು ಗಂಟು ಮೂಸಿದ. ಮಧ್ಯಾಹ್ನ ದಣಿದು ಬಂದು ಹಿಂದಿನ ಮೂಲೆಯಲ್ಲಿ ಒಂದು ದೊಡ್ಡ ದೇವದಾರು ಪೆಟ್ಟಿಗೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ. ಪೆಟ್ಟಿಗೆಗೆ ದವಾಖಾನೆಯ ಔಷಧಿಯ ಘಾಟು. ಅದರ ಒಂದು ಮಗ್ಗುಲಿಗೆ ಅಕ್ಷರ ಬರೆದ ಹಲಗೆ ಇಟ್ಟು ಮೊಳೆ ಹೊಡೆದಿದ್ದರು, ಮೊಳೆ ಕುಂಡಿಗೆ ಚುಚ್ಚುತ್ತಿದ್ದವು. ಆ ಮಗ್ಗುಲನ್ನು ಅವನೇ ಕೆಳಗೆ ಮಾಡಿ ಇಟ್ಟುಕೊಂಡಿದ್ದ.

ಯಲ್ಲವ್ವ ಹೇಳಿದಳು. "ಡಾಕ್ಟರು ಬರ್ರಿ ಅಂದಾರಲಾ. ಹೋಗೂನು ನಡೀರಿ. ಮತ್ತೊಂದು ಮಾಡಸೂನು."

"ಒಳಗೈತಿ. ವಹ್ಯಾಗ ಬರದೈತಿ. ಕೈಯಾಗಿದ್ದದ್ದು ಬಿಟ್ಟು ಮಿರಜಕ್ಕ ಹೋಗಿ ಮತ್ತೊಂದು ಬೇಡಲ್ಯಾ? ಹೋದರ ಆ ಅಳಿಯಪ್ಪ ಕೆಲಸದಿಂದ ತಗೀತಾನ. ಈ ವಾರದಾಗ ಹುಡಕತೀನಿ."

"ಕಾಲು ನೋಡಿರೇನು? ಈಗ ಕಿರಿಬೆರಳಿನ ಮ್ಯಾಲ ನಿಂದರತಾಳ. ಹಿಮ್ಮಡಿ ಏಳಾಕತ್ತೈತಿ."

ಅವನು ನೋಡಿದ್ದ. ದಿನಾ ಸಂಜೆ ಬಂದ ಕೂಡಲೇ ನೋಡುತ್ತಿದ್ದದ್ದು ಅದನ್ನೇ. ಹಳೆಯ ಸೀರೆಯ ಅಂಚು ಸೀಳಿ ಪಾದಕ್ಕೆ ಬಿಗಿದು ಕಟ್ಟುತ್ತಿದ್ದ. ಬೆಳಿಗ್ಗೆಗೆ ಸಡಿಲಾಗಿರುತ್ತಿತ್ತು. ಮೂರೂವರೆ ತಿಂಗಳು ಒಂದೊಂದು ನೂಲು ಹೊರಕ್ಕೆ ಬಂದ ಕಾಲು ಒಂದೊಂದು ನೂಲು ಒಳಕ್ಕೆ ಹೋಗುತ್ತಿತ್ತು.

ಜೂನ್ ತಿಂಗಳಲ್ಲಿ ಸಾಲಿ ಸುರುವಾಯಿತು. ಸಾಲಿ ಇದ್ದದ್ದು ಗುದಾಮಿನ ಎದುರಿಗೇ, ರಸ್ತೆಯ ಆಚೆ. ಮಾಸ್ತರರು, "ಹೊತಗೊಂಡ ಬಂದು ಕುಂಡ್ರಸೋ ಮಾರಾಯಾ. ಸಂಜಿಕ ಹೊತಗೊಂಡ ಹೋಗು. ಓದಾಕ ಕಾಲು ಬೇಕೇನು?" ಎಂದರು.

"ಭಂಡಾರ ಹಿಡದು ಆಣಿ ಮಾಡೇನ್ರಿ. ನಡಕೋತ ಬರತಾಳ. ಬೂಟು ಒಳಗೈತ್ರಿ."

ಸಂಗವ್ವ ಮನೆಯ ಹೊಸ್ತಿಲ ಮೇಲೆ ಕುಳಿತು, ಓಣಿಯ ಮಕ್ಕಳು ಪಾಟಿ ಹಿಡಿದು ಹೋಗುವುದನ್ನು ನೋಡಿದಳು. ಮಕ್ಕಳು ಅವಳ ಮುಂದೆ ಪಾದ ಒಳಕ್ಕೆ ತಿರುಗಿಸಿ ಕುಂಟಿ ತೋರಿಸಿ ಹೋಗುತ್ತಿದ್ದರು. ಒಂದು ದಿನ ಅವಳು ಕೇಳಿದಳು: "ಅಪ್ಪಾ, ನನ್ನ ಬೂಟು ಗುದಾಮಿನಾಗ ಏನು ಮಾಡತೈತಿ?"

"ನಿನ್ನ ಕಾಯಾಕತ್ತೈತಿ."

"ನಾನೂ ಕಾಯಾಕತ್ತೀನಿ ಅಂತ ಅದಕ್ಕ ಹೇಳೀಯೇನು?"

ಅದೇ ಮಳೆಗಾಲದಲ್ಲಿ ಶೇಗಾಂವದ ಸಿದ್ದವ್ವ ಎನ್ನುವ ಮುದುಕಿ ಬಂದಳು. ಅವಳ ಮಗ ಮುಂಬಯಿಯ ಗಿರಣಿಯಲ್ಲಿದ್ದವನು, ಜ್ವರದಿಂದ ಸತ್ತಿದ್ದ. ಮಣ್ಣು ಅಲ್ಲೇ ಮಾಡಿದ್ದರು. ಅವನ ತಗಡಿನ ಟ್ರಂಕು ಮಾತ್ರ ಪಾರ್ಸಲ್ ಆಗಿ ಬಂದಿತ್ತು. ಅದು ಶಂಕರೆಪ್ಪನವರ ಕಾಲದ ಕೊನೆಯ ಲಾರಿಯಲ್ಲಿ ಬಂದದ್ದು. ಟ್ರಂಕಿನ ಮುಚ್ಚಳದ ಮೇಲೆ ಭರಮಣ್ಣನ ಕೈಯ ಉದ್ದ ಕೆಂಪು ಗೆರೆ ಇನ್ನೂ ಇತ್ತು. ಎಲ್ಲಿದೆ ಎಂದು ಅವನಿಗೆ ಕಣ್ಣು ಮುಚ್ಚಿ ಗೊತ್ತು.

"ತಮ್ಮಾ ಭರಮಾ, ಮೂರನೇ ಸಲಾ ನಡಕೋತ ಬಂದೇನಪ್ಪ. ಒಳಗ ಅವನ ಅಂಗಿ ಐತಿ. ಬ್ಯಾರೇನೂ ಬ್ಯಾಡ ನನಗ. ಅಂಗಿ ಒಂದು ಮೂಸಿ ನೋಡತೀನಿ."

ಶ್ರೀಶೈಲಪ್ಪ ಗಾದಿಯ ಮೇಲಿಂದ ನೋಡುತ್ತಿದ್ದ. ಎಡಬಲಕ್ಕೆ ನೋಡದೆ ಭರಮಣ್ಣ ಹೇಳಿದ: "ಚೀಟಿ ಐತೇನು ಆಯಿ?"

"ಎಂಥಾ ಚೀಟಿ? ನೀ ನನ್ನ ಗುರ್ತ ಹಿಡೀಯಂಗಿಲ್ಲೇನೋ?"

"ಚೀಟಿ ತಾ. ಚೀಟಿ ಇಲ್ಲಂದ್ರ ಮಾಲಿಲ್ಲ. ಸರಿ ಅತ್ತಾಗ, ಬಾಗಲಾಗ ನಿಂದ್ರಬ್ಯಾಡ."

ಮುದುಕಿ ಸರಿಯಲಿಲ್ಲ. ಅವನೇ ಅವಳ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದ. ಕಡ್ಡಿಯಂಥ ರಟ್ಟೆ. ಶ್ರೀಶೈಲಪ್ಪ, "ಈಗ ಕೆಲಸಾ ಕಲತಿ ನೋಡು," ಎಂದ. ಆ ಮಾತಿಗೆ ತನಗೆ ಒಳಗೊಳಗೇ ಹಿತವಾದದ್ದನ್ನು ಭರಮಣ್ಣ ಬಹಳ ದಿನ ಮರೆಯಲಿಲ್ಲ.

ಸಿದ್ದವ್ವ ಮಾತ್ರ ಸಂತೆಯ ದಿನ ಬರುವುದು ಬಿಡಲಿಲ್ಲ. ಕೇಳುತ್ತಿರಲಿಲ್ಲ. ಬಾಗಿಲೆದುರು ಬೇವಿನ ಗಿಡದ ಕೆಳಗೆ ಕುಳಿತು ಒಳಗೆ ನೋಡಿ, ಸಂಜೆ ಎದ್ದು ಹೋಗುತ್ತಿದ್ದಳು.

ಒಂದು ಜೂನ್ ಹೋಯಿತು, ಇನ್ನೊಂದು ಜೂನ್ ಹೋಯಿತು. ಸಂಗವ್ವನಿಗೆ ಎಂಟು ತುಂಬಿತು. ಮೈ ಉದ್ದವಾಯಿತು, ಪಾದವೂ ಬೆಳೆಯಿತು, ತಿರುಗಿಕೊಂಡೇ ಬೆಳೆಯಿತು. ಭರಮಣ್ಣ ಮನೆಯಲ್ಲಿ ಬೂಟಿನ ಮಾತೆತ್ತುವುದು ಬಿಟ್ಟ. ಯಲ್ಲವ್ವ ಬೇರೆ ಮಾತೂ ಬಿಟ್ಟಳು. ಗುದಾಮಿನಲ್ಲಿ ಬೇವಾರಸಿ ಮೂಲೆ ಬೆಳೆದು ಬೆಳೆದು ಅರ್ಧ ಗುದಾಮಾಗಿತ್ತು. ಮಾಡಿನ ತಗಡು ಸೋರಿ ನೀರು ಬಿದ್ದು ಕೆಳಗಿನ ಮಾಲಿಗೆ ಗೆದ್ದಲು ಹತ್ತಿತ್ತು. "ಗೆದ್ದಲಾ ಹತ್ತೈತ್ರಿ," ಎಂದರೆ ಶ್ರೀಶೈಲಪ್ಪ, "ಅದಕ್ಕೂ ಒಂದು ನಂಬರ್ ಹಚ್ಚು," ಎಂದು ತನ್ನ ಚೇಷ್ಟೆಗೆ ತಾನೇ ನಗುತ್ತಿದ್ದ.

ಐವತ್ನಾಲ್ಕರ ಜೂನ್, ಸಾಲಿ ಸುರುವಾಗಿ ನಾಲ್ಕನೇ ದಿನ, ಸಂತೆ. ಮಧ್ಯಾಹ್ನ ಭರಮಣ್ಣ ತನ್ನ ಎಂದಿನ ಪೆಟ್ಟಿಗೆಯ ಮೇಲೆ ಕುಳಿತು ರೊಟ್ಟಿಗೆ ಖಾರ ಹಚ್ಚಿ ಮಡಚಿದ. ಬಾಯಿಗಿಡುವಷ್ಟರಲ್ಲಿ ಪೆಟ್ಟಿಗೆ ಒಮ್ಮೆ ನರಳಿ ಕುಸಿಯಿತು. ಗೆದ್ದಲು ತಿಂದ ಹಲಗೆ ಹಪ್ಪಳದಂತೆ ಮುರಿದು ಅವನು ಟೊಂಕದ ತನಕ ಒಳಗೆ ಸಿಕ್ಕಿಕೊಂಡ. ಕಾಲು ಮೇಲೆ, ತಲೆ ಹಿಂದೆ, ಕೈಯಲ್ಲಿ ರೊಟ್ಟಿ.

ಲಗಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಬರ್ರಿ ಬರ್ರಿ, ಭರಮಾ ಪಾರ್ಸಲ್ ಆಗ್ಯಾನ! ಸಾಹೇಬ್ರ, ಇವಂಗೂ ಒಂದು ಚೀಟಿ ಹಚ್ಚರಿ!"

ಬಾಗಿಲಲ್ಲಿದ್ದ ಮಂದಿಯೆಲ್ಲ ಒಳಗೆ ನುಗ್ಗಿ ನಕ್ಕರು. ಭರಮಣ್ಣನೂ ನಾಚಿಕೆಯಿಂದ ನಗುತ್ತ, ಏಳಲು ಕೈಗೆ ಸಿಕ್ಕಿದ್ದನ್ನು ಹಿಡಿದ. ಹುಲ್ಲಿನೊಳಗೆ ಕೈಗೆ ತಣ್ಣಗಿನ ಕಬ್ಬಿಣ ಸಿಕ್ಕಿತು. ಎಳೆದ. ಮೊಣಕಾಲೆತ್ತರದ ಎರಡು ಕಬ್ಬಿಣದ ಪಟ್ಟಿ ಬಂದವು, ಪಟ್ಟಿಯ ಬುಡಕ್ಕೆ ಗೇಣಿಗಿಂತ ಗಿಡ್ಡ ಒಂದು ಬೂಟು. ಹೊಸದು, ಕಪ್ಪಗೆ ಮಿಂಚುವುದು, ಲೇಸು ಗಂಟು ಹಾಕಿ ಕಟ್ಟಿದ್ದು. ಕಬ್ಬಿಣ ಬಾಗಬಾರದೆಂದು ದವಾಖಾನೆಯವರು ಔಷಧಿ ಸೀಸೆಯ ದೊಡ್ಡ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಕಳಿಸಿದ್ದರು.

ನಗು ಒಂದೊಂದೇ ಬಾಯಿಂದ ನಿಂತಿತು. ಲಗಮಣ್ಣನದು ಕಡೆಗೆ.

ಎರಡು ವರ್ಷ ಮೂರು ತಿಂಗಳು ಭರಮಣ್ಣ ಅದರ ಮೇಲೆ ಕುಳಿತು ರೊಟ್ಟಿ ತಿಂದಿದ್ದ.

ಅವನು ಬೂಟು ಎದೆಗೆ ಒತ್ತಿಕೊಂಡು ಬಾಗಿಲ ಕಡೆ ನಡೆದ. ಶ್ರೀಶೈಲಪ್ಪ ಕೈ ಅಡ್ಡ ಇಟ್ಟ.

"ಬೇವಾರಸಿ ಮಾಲು ಒಡದಿ. ಅದರ ಮ್ಯಾಲ ಹೊತಗೊಂಡೂ ಹೊಂಟೀ?"

"ನನ್ನ ಮಗಳದ್ರಿ ಇದು. ಎರಡನೂರಾ ಹದಿನಾಲ್ಕು. ನೀವ ಓದಿ ಹೇಳಿದ್ರೆಲಾ."

"ಎರಡನೂರಾ ಹದಿನಾಲ್ಕು ಅಂತ ಇದರ ಮ್ಯಾಲ ಎಲ್ಲೈತಿ ತೋರಸು."

ಹೆಸರಿದ್ದ ಹಲಗೆ ಗೆದ್ದಲ ಮಣ್ಣಾಗಿತ್ತು. ಭರಮಣ್ಣ ಆ ಮಣ್ಣನ್ನು ನೋಡಿದ. "ಜತ್ತದಾಗ ಇಂಥಾ ಬೂಟು ಇನ್ನ್ಯಾರಿಗೆ ಬರತೈತ್ರಿ ಸಾಹೇಬ್ರ? ನಿಮ್ಮ ಕಾಲಿಗಿ ಬೀಳತೀನಿ."

ಮಂದಿ ನೋಡುತ್ತಿದ್ದರು. ಮಂದಿ ನೋಡುವಾಗ ಶ್ರೀಶೈಲಪ್ಪನಿಗೆ ನ್ಯಾಯ ಹೇಳುವ ಹುರುಪು ಬರುತ್ತಿತ್ತು. "ಆಯ್ತಪಾ. ನಾಳಿಗೆ ಯಾರೂ ನನ್ನ ಬೆರಳು ಮಾಡಿ ತೋರಸಬಾರದು. ಕರಕೊಂಡ ಬಾ ನಿನ್ನ ಮಗಳ್ನ. ಬೂಟು ಕಾಲಿಗಿ ಬರೊಬ್ಬರಿ ಹತ್ತಿದರ ನಿಂದು, ಒಯ್ಯಿ. ಹತ್ತಲಿಲ್ಲಂದ್ರ ಬ್ಯಾರೆದವರದು, ಮೂಲಿಗಿ ಹಾಕು."

ಭರಮಣ್ಣ ಓಡಿದ. ಯಲ್ಲವ್ವ ಕೇಳಿ, ಒಲೆಯ ಮುಂದಿಂದ ಏಳದೆ ಹೇಳಿದಳು: "ಎರಡ ವರ್ಷಾತು. ಹತ್ತಂಗಿಲ್ಲ. ಕೂಸಿನ ಮಂದ್ಯಾಗ ಒಯ್ಯಬ್ಯಾಡ್ರಿ."

"ಹತ್ತಸ್ತೀನಿ," ಎಂದ.

ಸಂಗವ್ವ ತಾನೇ ಕೈ ಚಾಚಿದಳು. ಅವನು ಹೆಗಲ ಮೇಲೆ ಕೂರಿಸಿಕೊಂಡು ತಂದ. ಗುದಾಮಿನಲ್ಲಿ ಅವಳನ್ನು ಕೂರಿಸಲು ತೂಕದ ಕಾಟಾ ಬಿಟ್ಟರೆ ಬೇರೆ ಎತ್ತರದ ಜಾಗವಿರಲಿಲ್ಲ. ಕೂರಿಸುತ್ತಲೇ ಮುಳ್ಳು ಅಲುಗಾಡಿತು. ಲಗಮಣ್ಣ ಬಾಯಿ ತಡೆಯಲಿಲ್ಲ. "ಅರ್ಧ ಮಣಾ! ಎಲ್ಲೀಗಿ ಕಳಸೂದ್ರಿ ಈ ಮಾಲು?" ಕೆಲವರು ನಕ್ಕರು. ಸಂಗವ್ವನೂ ನಕ್ಕಳು. ಅವಳಿಗೆ ಬೂಟು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಅಪ್ಪಾ, ಎಷ್ಟ ಕರ್ರಗೈತಿ!"

ಭರಮಣ್ಣ ಲೇಸು ಪೂರ್ತಿ ಬಿಚ್ಚಿ ನಾಲಿಗೆ ಎತ್ತಿ ಹಿಡಿದ. ಬೆರಳು ಹೋದವು. ಅಲ್ಲಿಂದ ಮುಂದೆ ಹೋಗಲಿಲ್ಲ. ಪಾದ ಒಳಕ್ಕೆ ನೋಡುತ್ತಿತ್ತು, ಬೂಟು ಮುಂದಕ್ಕೆ. ಅವನು ಬೂಟನ್ನು ಮೊಣಕಾಲ ಸಂದಿಯಲ್ಲಿ ಅವಚಿಕೊಂಡು, ಪಾದವನ್ನು ಎರಡು ಕೈಯಲ್ಲಿ ಹಿಡಿದು ಹೊರಕ್ಕೆ ತಿರುಗಿಸಿದ. ಡಾಕ್ಟರು ಮೂರೂವರೆ ತಿಂಗಳಲ್ಲಿ ತಿರುಗಿಸಿದ್ದನ್ನು ಒಂದು ಉಸಿರಲ್ಲಿ ತಿರುಗಿಸಿದ. ಮೂಟೆ ಎತ್ತುವ ಕೈ ಅವು. ಏನೋ ಲಟಕ್ ಎಂದಿತು. ಸಂಗವ್ವನ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಕಾಟಾದ ಸರಪಳಿ ಹಿಡಿದ ಅವಳ ಬೆರಳು ಬೆಳ್ಳಗಾದವು.

"ಸಾಕೋ, ಬಿಡೋ," ಎಂದು ಯಾರೋ ಅಂದರು.

ಅವನು ಬಿಡಲಿಲ್ಲ. ಒತ್ತಿದ. ಹಿಮ್ಮಡಿಯ ತೊಗಲು ಚರ್ಮದ ಅಂಚಿಗೆ ಸುಲಿದು ಬಿಳಿ ಕಂಡಿತು, ಆಮೇಲೆ ಕೆಂಪಾಯಿತು. ಕಬ್ಬಿಣದ ಪಟ್ಟಿ ಮೊಣಕಾಲಿಗೆ ಬರಬೇಕಾದದ್ದು ಮೀನಖಂಡಕ್ಕೇ ನಿಂತಿತ್ತು.

"ಹತ್ತೈತ್ರಿ ಸಾಹೇಬ್ರ. ನೋಡ್ರಿ."

"ಹತ್ತೈತ್ರಿ," ಎಂದಳು ಸಂಗವ್ವ. ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು, ದನಿ ಮಾತ್ರ ಸಾಲಿಯಲ್ಲಿ ಹಾಜರಿ ಕೊಡುವ ಮಕ್ಕಳಂತೆ ಗಟ್ಟಿಯಾಗಿತ್ತು. "ನನಗ ಬರೊಬ್ಬರಿ ಹತ್ತೈತಿ."

ಶ್ರೀಶೈಲಪ್ಪ ಬಗ್ಗಿ, ಕಿವಿಯ ಸಂದಿಯ ಪೆನ್ಸಿಲ್ ತೆಗೆದು, ಹಿಮ್ಮಡಿಗೂ ಬೂಟಿನ ತಳಕ್ಕೂ ನಡುವೆ ತೂರಿಸಿದ. ಪೆನ್ಸಿಲ್ ಸರಾಗ ಒಳಗೆ ಹೋಯಿತು. ಹೊರಗೆ ತೆಗೆದಾಗ ತುದಿ ಕೆಂಪಾಗಿತ್ತು. ಅದನ್ನು ಭರಮಣ್ಣನ ಧೋತರಕ್ಕೇ ಒರೆಸಿದ.

"ಎರಡು ಬೆರಳು ಅಂತರ ಐತಿ. ಹತ್ತಿಲ್ಲ. ಬ್ಯಾರೆದವರ ಮಾಲು. ಬಿಚ್ಚಿ ಮೂಲಿಗಿ ಹಾಕು."

ಹೋಗಿ ಗಾದಿಯ ಮೇಲೆ ಕುಳಿತು ವಹಿಯಲ್ಲಿ ಅದನ್ನೇ ಬರೆದ. ಆ ದಿನ ಅವನು ತಪ್ಪದೆ ಬರೆದದ್ದು ಅದೊಂದೇ.

ಮಂದಿಯ ಹಿಂದಿನಿಂದ ಸಿದ್ದವ್ವ ಮುಂದೆ ಬಂದಳು. ಬೇವಿನ ಗಿಡದ ಕೆಳಗಿಂದ ಎದ್ದು ಬಂದಿದ್ದಳು. ಮಗುವಿನ ಕಾಲು ನೋಡಿದಳು, ಅಪ್ಪನ ಮುಖ ನೋಡಿದಳು. ದನಿ ಏರಿಸಲಿಲ್ಲ.

"ಚೀಟಿ ಐತೇನೋ ಭರಮಾ?"

ಅಷ್ಟು ಕೇಳಿ, ಕೋಲೂರುತ್ತ ಹೊರಗೆ ಹೋದಳು.

ಭರಮಣ್ಣ ಬೂಟು ಬಿಚ್ಚಿದ. ಹಾಕುವುದಕ್ಕಿಂತ ಬಿಚ್ಚುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಈಗ ಸಂಗವ್ವ ಕೂಗಿದಳು. ನೋವಿಗಲ್ಲ. "ತಗೀಬ್ಯಾಡಪ್ಪಾ, ನಂದದು, ತಗೀಬ್ಯಾಡ," ಎಂದು ಅವನ ಕೈ ಕಚ್ಚಿದಳು. ಅವನು ಕಚ್ಚಿಸಿಕೊಂಡು ಬಿಚ್ಚಿದ. ರುಮಾಲಿನ ಚುಂಗು ಹರಿದು ಹಿಮ್ಮಡಿಗೆ ಸುತ್ತಿದ. ಬೂಟನ್ನು ಹಿಂದಿನ ಮೂಲೆಗೆ ಒಯ್ದು ಮುರಿದ ಪೆಟ್ಟಿಗೆಯ ಹುಲ್ಲಿನಲ್ಲಿ ಇಟ್ಟು ಬಂದ. ಹೇಳಿದ ಕೆಲಸ ಮಾಡಿ ಅವನಿಗೆ ರೂಢಿಯಾಗಿತ್ತು.

ರಸ್ತೆಯ ಆಚೆ ಸಾಲಿಯ ಮಧ್ಯಾಹ್ನದ ಗಂಟೆ ಹೊಡೆಯಿತು.

ಅವನು ಮಗಳನ್ನು ಕಾಟಾದಿಂದ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಮನೆಯ ಕಡೆ ತಿರುಗಲಿಲ್ಲ. ರಸ್ತೆ ದಾಟಿದ. ಸಾಲಿಯ ಮೆಟ್ಟಿಲು ಹತ್ತುವಾಗ ಮೇಲಿನಿಂದ ಸಂಗವ್ವ ಬಿಕ್ಕುತ್ತಲೇ ಕೇಳಿದಳು: "ಅಪ್ಪಾ, ಆಣಿ?"

"ತಲಿ ಬಗ್ಗಸು, ತೊಲಿ ಬಡದೀತು," ಎಂದ.

ಮಾಸ್ತರರು ಅವಳನ್ನು ಐದು ವರ್ಷದ ಮಕ್ಕಳ ಸಾಲಿನಲ್ಲಿ ಕೂರಿಸಿದರು. ಒಂದು ಮಗು ಅವಳ ಕಾಲು ನೋಡಿ ದೂರ ಸರಿಯಿತು. ಹೊರಗೆ ಲಾರಿ ಬಂದು ಹಾರ್ನ್ ಹೊಡೆಯುತ್ತಿತ್ತು. ಭರಮಣ್ಣ ರುಮಾಲು ಸುತ್ತಿಕೊಂಡು ಮಾಲು ಇಳಿಸಲು ಹೋದ.

ಬೀರದೇವರ ಮುಂದೆ ಭಂಡಾರ ಹಿಡಿದು ಕೊಟ್ಟಿದ್ದ ಮಾತು ಅಂದು ಮುರಿಯಿತು.